ರಕ್ತದ ಲೆಕ್ಕ ಸಾಲದು: ಯುದ್ಧಕಾಲದ ಗೂಢಚಾರ ಸಿನಿಮಾವನ್ನು ಮಕ್ಕಳ ಜೊತೆ ನೋಡುವ ಮುನ್ನ

1942ರ ಜನವರಿ 14ರ ರಾತ್ರಿ ಪಶ್ಚಿಮ ಆಫ್ರಿಕಾದ ಕರಾವಳಿಯಾಚೆಯ ಫರ್ನಾಂಡೊ ಪೊ ದ್ವೀಪದ ಬಂದರಿನಿಂದ ಹಡಗುಗಳು ಕಳುವಾದವು. ದ್ವೀಪ ಆಗ ಸ್ಪೇನಿನದು, ಸ್ಪೇನ್ ಯುದ್ಧದಲ್ಲಿ ತಟಸ್ಥ. ಕಳುವಾದದ್ದು ಇಟಲಿಯ ದೊಡ್ಡದೊಂದು ಸರಕು ಹಡಗು, ಜೊತೆಗೆ ಜರ್ಮನಿಯ ಒಂದು ಟಗ್, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಹಡಗು. ಹಡಗಿನ ಅಧಿಕಾರಿಗಳನ್ನು ದಡದ ಮೇಲಿನ ಔತಣಕ್ಕೆ ಕರೆಸಿ ಕುಡಿಸುತ್ತ ಕೂರಿಸಿದ್ದ ಹೊತ್ತಿನಲ್ಲಿ ಬ್ರಿಟಿಷ್ ಗುಪ್ತದಳದ ತಂಡ ಕತ್ತಲಲ್ಲಿ ಬಂದಿತು. ಲಂಗರಿನ ಸರಪಳಿಗಳಿಗೆ ಸಿಡಿಮದ್ದು ಕಟ್ಟಿ ತುಂಡರಿಸಿ, ಹಡಗುಗಳನ್ನು ಸಮುದ್ರಕ್ಕೆ ಎಳೆದುಕೊಂಡು ಹೋಯಿತು. ಆ ಸದ್ದಿಗೆ ವಿಮಾನ ದಾಳಿಯೆಂದು ಗಾಬರಿಬಿದ್ದ ದಡದವರು ಆಕಾಶಕ್ಕೆ ಗುಂಡು ಹಾರಿಸಿದರು. ದಾಳಿಗೆ ಬಂದವರಲ್ಲಿ ಒಬ್ಬನೂ ಸಾಯಲಿಲ್ಲ.

ಇದೇ ಕಾರ್ಯಾಚರಣೆಯನ್ನು ಎತ್ತಿಕೊಂಡು ಗೈ ರಿಚಿ 2024ರಲ್ಲಿ ಮಾಡಿದ ಸಿನಿಮಾ ‘ದಿ ಮಿನಿಸ್ಟ್ರಿ ಆಫ್ ಅನ್‌ಜೆಂಟಲ್‌ಮನ್ಲಿ ವಾರ್‌ಫೇರ್’. ಅದರಲ್ಲಿ ಹೆಣ ಎಣಿಸಲು ಕೂತರೆ ಕೈಬೆರಳು ಕಾಲ್ಬೆರಳು ಎರಡೂ ಸಾಲವು. ಬಾಣ, ಚಾಕು, ಸದ್ದಡಗಿಸಿದ ಬಂದೂಕು, ಎಲ್ಲವೂ ಬಳಕೆಯಾಗುತ್ತವೆ. ಕೊಲ್ಲುವವರು ನಗುನಗುತ್ತ ಕೊಲ್ಲುತ್ತಾರೆ, ಹಿನ್ನೆಲೆ ಸಂಗೀತ ಕಾಲು ಕುಣಿಸುವಂತಿದೆ. ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆ ಸಿಕ್ಕಿದೆ. ಕಾರಣ: ಉದ್ದಕ್ಕೂ ತೀವ್ರ ಹಿಂಸೆ, ಅಲ್ಲಲ್ಲಿ ಒರಟು ಮಾತು.

ಹಾಗಾಗಿ ‘ನಿಜ ಘಟನೆ ಆಧಾರಿತ, ಮಕ್ಕಳಿಗೆ ಇತಿಹಾಸ ಗೊತ್ತಾಗುತ್ತೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಘಟನೆ ಇತಿಹಾಸದ್ದು, ಹಿಂಸೆ ಸಿನಿಮಾದ್ದು. ಇದರ ತಿರುಗುಮುರುಗೂ ಉಂಟು. ಒಂದು ಹನಿ ರಕ್ತ ಕಾಣದ ಗೂಢಚಾರ ಸಿನಿಮಾ, ನೂರು ಹೆಣ ಬೀಳುವ ಸಿನಿಮಾಕ್ಕಿಂತ ಹೆಚ್ಚಾಗಿ ಮಗುವಿನ ನಿದ್ದೆ ಕೆಡಿಸಬಲ್ಲದು. ‘ಎಷ್ಟು ಹಿಂಸೆ ಇದೆ?’ ಎಂದು ಕೇಳುವುದು ಸುಲಭ. ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ: ಆ ಹಿಂಸೆಯ ಬೆಲೆಯನ್ನು ಯಾರು ತೆರುತ್ತಾರೆ, ಅದನ್ನು ಸಿನಿಮಾ ತೋರಿಸುತ್ತದೆಯೋ ಇಲ್ಲವೋ?

ಸರ್ಟಿಫಿಕೇಟ್ ಎಷ್ಟು ಹೇಳುತ್ತದೆ

ಮೊದಲು ಅಕ್ಷರಗಳ ಕಥೆ ಮುಗಿಸಿಬಿಡೋಣ. ನಮ್ಮಲ್ಲಿ ಥಿಯೇಟರಿಗೆ ಬರುವ ಸಿನಿಮಾಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟ್ ಬೇಕು. ಯು ಎಂದರೆ ಎಲ್ಲರಿಗೂ, ಎ ಎಂದರೆ 18 ತುಂಬಿದವರಿಗೆ ಮಾತ್ರ. ನಡುವಿನ ಯುಎ ಮೊದಲು ಒಂದೇ ಇತ್ತು, 12 ವರ್ಷದೊಳಗಿನವರಿಗೆ ಹಿರಿಯರ ಮಾರ್ಗದರ್ಶನ ಬೇಕು ಎಂಬ ಸೂಚನೆಯೊಂದಿಗೆ. 2023ರ ತಿದ್ದುಪಡಿ ಅದನ್ನು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿ ಒಡೆಯಿತು. ಅದಕ್ಕೂ ಹಿಂದಿನ ಸಿನಿಮಾಗಳ ಮೇಲೆ ಬರೀ ‘ಯುಎ’ ಇರುತ್ತದೆ. ಅದು ಇವತ್ತಿನ 7+ಗೆ ಸಮವೋ 16+ಗೆ ಸಮವೋ ಎಂಬುದನ್ನು ಆ ಎರಡಕ್ಷರ ಹೇಳುವುದಿಲ್ಲ. ಹಳೆಯ ಯುದ್ಧ ಸಿನಿಮಾ ಆರಿಸುವಾಗ ಜನ ಎಡವುವುದು ಇಲ್ಲೇ.

ಎ ದರ್ಜೆಗೂ ಯುಎ 16+ಗೂ ಇರುವ ವ್ಯತ್ಯಾಸ ಬರೀ ಎರಡು ವರ್ಷದ್ದಲ್ಲ. ಎ ಎಂದರೆ ಕಾನೂನಿನ ಬಾಗಿಲು. 15ರ ಮಗಳ ಪಕ್ಕದಲ್ಲಿ ಅಪ್ಪ ಅಮ್ಮ ಇಬ್ಬರೂ ನಿಂತಿದ್ದರೂ ಥಿಯೇಟರಿನವರು ಬಿಡುವಂತಿಲ್ಲ. ಯುಎ 16+ ಬರೀ ಸಲಹೆ. ಬಿಡುವುದು, ಬಿಡದಿರುವುದು ಹೆತ್ತವರ ತೀರ್ಮಾನ. ಅಮೆರಿಕದ ‘ಆರ್’ ಅನ್ನು ನಮ್ಮ ಎ ಎಂದು ಓದಿಕೊಳ್ಳುವವರು ಬಹಳ, ಅದು ತಪ್ಪು. ಅಲ್ಲಿ 17ರೊಳಗಿನವರು ದೊಡ್ಡವರ ಜೊತೆ ಆರ್ ಸಿನಿಮಾಕ್ಕೆ ಹೋಗಬಹುದು. ಬ್ರಿಟನ್ನಿನಲ್ಲಿ 15 ಎಂಬ ದರ್ಜೆಯಿದ್ದರೆ 14ರ ಹುಡುಗನಿಗೆ ಯಾರು ಜೊತೆಗಿದ್ದರೂ ಪ್ರವೇಶವಿಲ್ಲ, 12ಎ ಇದ್ದರೆ ಅದಕ್ಕಿಂತ ಚಿಕ್ಕವರು ಹಿರಿಯರೊಂದಿಗೆ ಹೋಗಬಹುದು. ನ್ಯೂಜೆರ್ಸಿಯ ಚಿಕ್ಕಪ್ಪ ‘ನಾವು ಮಕ್ಕಳನ್ನ ಕರ್ಕೊಂಡು ಹೋಗಿದ್ವಿ, ಬಿಟ್ರಪ್ಪ’ ಎಂದು ಫೋನಿನಲ್ಲಿ ಹೇಳಿದರೆ ಅದರಿಂದ ಗೊತ್ತಾಗುವುದು ಅಲ್ಲಿನ ಬಾಗಿಲಿನ ವಿಚಾರ ಮಾತ್ರ, ಸಿನಿಮಾದ್ದಲ್ಲ.

ಒಟಿಟಿಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಆ ಕಂಪನಿಗಳೇ ಯು, ಯು/ಎ 7+, 13+, 16+, ಎ ಎಂದು ದರ್ಜೆ ಕೊಟ್ಟುಕೊಳ್ಳಬೇಕು. ಹಿಂಸೆ, ಭಾಷೆ, ಮಾದಕ ವಸ್ತು ಎಂದು ಕಾರಣವನ್ನೂ ಸಿನಿಮಾ ಶುರುವಾಗುವಾಗ ತೋರಿಸಬೇಕು. 13+ ಮತ್ತು ಮೇಲಿನದಕ್ಕೆ ಪೋಷಕರ ಲಾಕ್ ಒದಗಿಸಬೇಕು. ಪರದೆಯ ಮೂಲೆಯಲ್ಲಿ ಕೆಲವೇ ಸೆಕೆಂಡು ಮೂಡಿ ಮಾಯವಾಗುವ ಆ ಸಣ್ಣಕ್ಷರದ ಸಾಲು ಇದೇ. ಆ ಹೊತ್ತಿಗೆ ಮನೆಯಲ್ಲಿ ಯಾರೋ ಚಕ್ಕುಲಿ ಡಬ್ಬಿ ಹುಡುಕುತ್ತಿರುತ್ತಾರೆ.

ಟಿವಿಯದು ಇನ್ನೊಂದು ಬಗೆ. ಎ ಸಿನಿಮಾವನ್ನು ಟಿವಿಯಲ್ಲಿ ಹಾಗೇ ಹಾಕುವಂತಿಲ್ಲ, ಕತ್ತರಿಸಿ ಯುಎ ಮಾಡಿಸಿಕೊಂಡ ಮೇಲೆ ಹಾಕುತ್ತಾರೆ. ‘ಹೋದ ವರ್ಷ ಟಿವಿಯಲ್ಲಿ ನೋಡಿದ್ವಲ್ಲ, ಏನೂ ಇರಲಿಲ್ಲ’ ಎಂದುಕೊಂಡು ಅದೇ ಸಿನಿಮಾವನ್ನು ಒಟಿಟಿಯಲ್ಲಿ ಹಾಕಿದರೆ, ಟಿವಿಯವರು ತೆಗೆದಿದ್ದ ನಿಮಿಷಗಳೆಲ್ಲ ವಾಪಸು ಬಂದಿರಬಹುದು. ಒಟ್ಟು ಅವಧಿ ಹೋಲಿಸಿ ನೋಡಿದರೆ ಸುಳಿವು ಸಿಗುತ್ತದೆ. ಥಿಯೇಟರ್ ಪ್ರತಿಗಿಂತ ಒಟಿಟಿ ಪ್ರತಿ ನಾಲ್ಕೈದು ನಿಮಿಷ ಉದ್ದವಿದ್ದರೆ ಸೆನ್ಸಾರ್ ಕತ್ತರಿ ಹಾಕಿದ್ದು ಅಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಟ್ರೈಲರ್ ನೋಡಿ ತೀರ್ಮಾನಿಸುವುದಂತೂ ಬೇಡ. ಅದು ಎಲ್ಲರ ಕಣ್ಣಿಗೆ ಬೀಳಲೆಂದೇ ಸೋಸಿದ ಸರಕು. ಅದರಲ್ಲಿ ಬಂದೂಕು ಸಿಡಿಯುತ್ತದೆ, ಗುಂಡು ಎಲ್ಲಿ ಬಿತ್ತೆಂದು ಕಾಣಿಸುವುದಿಲ್ಲ.

ಅಳತೆಗೋಲಿಗೆ ಸಿಗದ್ದು

ದರ್ಜೆ ಕೊಡುವವರ ಕಣ್ಣಿಗೆ ಮೊದಲು ಬೀಳುವುದು ಕಾಣುವಂಥದ್ದು: ಗಾಯ ಎಷ್ಟು ಹೊತ್ತು ತೆರೆಯ ಮೇಲಿತ್ತು, ರಕ್ತ ಎಷ್ಟು, ಬೈಗುಳ ಯಾವುದು, ಮೈ ಎಷ್ಟು ಕಂಡಿತು. ಇದರಿಂದ ಹುಟ್ಟಿರುವ ಒಂದು ವಿಚಿತ್ರವಿದೆ. ಅಮೆರಿಕದಲ್ಲಿ 1984ರಲ್ಲಿ ಬಂದ, 13ರೊಳಗಿನ ಮಕ್ಕಳ ಬಗ್ಗೆ ಹೆತ್ತವರನ್ನು ಎಚ್ಚರಿಸುವ ಪಿಜಿ-13 ದರ್ಜೆಯಲ್ಲಿ ಹತ್ತಾರು ಜನ ಗುಂಡಿಗೆ ಉರುಳಬಹುದು, ರಕ್ತ ಚಿಮ್ಮದಿದ್ದರೆ ಸಾಕು. ಗುಂಡು ತಗುಲಿದವನು ಬೊಂಬೆಯ ಹಾಗೆ ಬಿದ್ದು ಚೌಕಟ್ಟಿನಿಂದ ಹೊರಗೆ ಹೋಗುತ್ತಾನೆ. ಅವನಿಗೆ ನೋವಿಲ್ಲ, ಹೆಸರಿಲ್ಲ, ಮನೆಯಲ್ಲಿ ಕಾಯುವವರೂ ಇಲ್ಲ. ಅದೇ ಒಬ್ಬನೇ ಒಬ್ಬ ಗಾಯಾಳು ಎರಡು ನಿಮಿಷ ನರಳುವುದನ್ನು ತೋರಿಸಿದರೆ ದರ್ಜೆ ಮೇಲಕ್ಕೇರಬಹುದು. ಕೊಲ್ಲುವುದು ಸುಲಭ ಎಂದು ಕಲಿಸುವ ಸಿನಿಮಾಕ್ಕೆ ಕೆಳಗಿನ ದರ್ಜೆ, ಕಷ್ಟ ಎಂದು ತೋರಿಸುವುದಕ್ಕೆ ಮೇಲಿನದು. ಮಂಡಳಿಗಳಿಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೆ ರಕ್ತ ಎಣಿಸಬಹುದು, ಅರ್ಥ ಎಣಿಸಲಾಗದು.

ಯುದ್ಧದ ಸಿನಿಮಾಕ್ಕೂ ಗೂಢಚಾರ ಸಿನಿಮಾಕ್ಕೂ ಒಂದು ಮುಖ್ಯ ಅಂತರವಿದೆ. ರಣರಂಗದಲ್ಲಿ ಹಿಂಸೆ ದೂರದ್ದು, ಗುಂಪಿನದು. ಗೂಢಚಾರ ಸಿನಿಮಾದಲ್ಲಿ ಅದು ಒಂದು ಕೋಣೆಯೊಳಗೆ, ಒಬ್ಬ ಮನುಷ್ಯನ ಮೇಲೆ, ನಿಧಾನವಾಗಿ ನಡೆಯುತ್ತದೆ. ವಿಚಾರಣೆಯ ದೃಶ್ಯವನ್ನು ಹೇಗೆ ಕಟ್ಟುತ್ತಾರೆ ನೋಡಿ. ಮೊದಲು ಬಾಗಿಲು ಮುಚ್ಚುವ ಸದ್ದು. ಕುರ್ಚಿಗೆ ಕಟ್ಟಿದ ಕೈ. ಎದುರು ಕೂತವನು ಕೂಗಾಡುವುದಿಲ್ಲ, ಸಿಗರೇಟು ಕೊಡುತ್ತಾನೆ, ಮನೆಮಂದಿ ಹೇಗಿದ್ದಾರೆ ಎಂದು ಕೇಳುತ್ತಾನೆ. ಮೇಜಿನ ಮೇಲೆ ಬಟ್ಟೆ ಬಿಚ್ಚಿದರೆ ಸಾಲಾಗಿ ಇಕ್ಕಳ, ಸೂಜಿ, ತಂತಿ. ಕ್ಯಾಮೆರಾ ಅಲ್ಲಿಂದ ಗೋಡೆಯ ಗಡಿಯಾರಕ್ಕೋ ಕಿಟಕಿಗೋ ತಿರುಗುತ್ತದೆ, ಕಿರುಚಾಟ ಮಾತ್ರ ಕೇಳಿಸುತ್ತದೆ. ತೆರೆಯ ಮೇಲೆ ಕಂಡದ್ದೇನೂ ಇಲ್ಲವಾದ್ದರಿಂದ ದರ್ಜೆಯ ಲೆಕ್ಕದಲ್ಲಿ ಇದು ಹಗುರ. ಮಗುವಿನ ತಲೆಯಲ್ಲಿ ಇದೇ ಭಾರ, ಏಕೆಂದರೆ ಕಾಣಿಸದ್ದನ್ನು ಅದು ತಾನೇ ತುಂಬಿಕೊಳ್ಳಬೇಕು. ‘ಕಣ್ಣು ಮುಚ್ಕೋ ಪುಟ್ಟಾ’ ಎನ್ನುವುದು ಇಲ್ಲಿ ಕೆಲಸಕ್ಕೆ ಬಾರದ ಉಪಾಯ. ಕಿವಿ ತೆರೆದೇ ಇರುತ್ತದಲ್ಲ.

ಎರಡನೆಯದು ವಿಷದ ಗುಳಿಗೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತದಳ ಎಸ್‌ಒಇ ತನ್ನ ಏಜೆಂಟರಿಗೆ ಸಯನೈಡ್ ಗುಳಿಗೆ ಕೊಡುತ್ತಿದ್ದುದು ನಿಜ. ಸಿಕ್ಕಿಬಿದ್ದವರು 48 ಗಂಟೆಯಾದರೂ ಬಾಯಿ ಬಿಡದಿದ್ದರೆ ಉಳಿದವರು ಜಾಗ ಬದಲಿಸಲು ಸಮಯ ಸಿಗುತ್ತದೆ ಎಂಬುದು ಅವರ ಲೆಕ್ಕವಾಗಿತ್ತು. ಸಿನಿಮಾದಲ್ಲಿ ಗುಳಿಗೆ ಕಚ್ಚುವ ದೃಶ್ಯ ಸಾಮಾನ್ಯವಾಗಿ ವೀರಮರಣದ ಸಂಗೀತದೊಂದಿಗೆ ಬರುತ್ತದೆ. ಆತ್ಮಹತ್ಯೆಯನ್ನು ಶೌರ್ಯವೆಂದು ತೋರಿಸುವ ಈ ಒಂದು ನಿಮಿಷವನ್ನು ಹದಿಹರೆಯದವರ ಜೊತೆ ಮಾತಿಲ್ಲದೆ ದಾಟಿಸಬಾರದು. ಕುಟುಂಬದಲ್ಲಿ ಇತ್ತೀಚೆಗೆ ಅಂಥ ಸಾವು ಆಗಿದ್ದರೆ ಸಿನಿಮಾವನ್ನೇ ಮುಂದಕ್ಕೆ ಹಾಕುವುದು ಒಳ್ಳೆಯದು.

ನಂಬಿಕೆದ್ರೋಹವೂ ಇದೆ. ಅರ್ಧ ಸಿನಿಮಾ ನಗಿಸಿದ ಮಾವನಂಥ ಪಾತ್ರ ಕೊನೆಗೆ ಶತ್ರುವಿನ ಕಡೆಯವನು ಎಂದು ತಿಳಿಯುವುದು ದೊಡ್ಡವರಿಗೆ ರೋಚಕ ತಿರುವು. ಎಂಟರ ಮಗುವಿಗೆ ಅದು ಹೆಣಕ್ಕಿಂತ ಕಂಗೆಡಿಸುವ ಸಂಗತಿಯಾಗಬಹುದು. ಒಬ್ಬ ಸೈನಿಕ ಸತ್ತದ್ದಕ್ಕೆ ಊರಿನವರನ್ನು ಸಾಲಾಗಿ ನಿಲ್ಲಿಸುವ ಸೇಡಿನ ದೃಶ್ಯವೂ ಹೀಗೆಯೇ, ಸಾಲಿನಲ್ಲಿ ಮಕ್ಕಳಿದ್ದರಂತೂ ಕೇಳುವುದೇ ಬೇಡ.

ಇನ್ನು ‘ಆ ಸೀನು’. ನಮ್ಮ ಮನೆಗಳ ರೀತಿ ಎಲ್ಲರಿಗೂ ಗೊತ್ತು: ಮುತ್ತು ಕೊಡುವ ದೃಶ್ಯ ಬಂದ ತಕ್ಷಣ ರಿಮೋಟಿಗೆ ಕೈ ಹೋಗುತ್ತದೆ, ಉಗುರು ಕೀಳುವ ದೃಶ್ಯಕ್ಕೆ ಯಾರೂ ಅಲುಗುವುದಿಲ್ಲ. ಗೂಢಚಾರ ಸಿನಿಮಾದಲ್ಲಿ ನಿಜಕ್ಕೂ ಗಮನಿಸಬೇಕಾದ್ದು ಮುತ್ತಲ್ಲ. ಶತ್ರು ಅಧಿಕಾರಿಯನ್ನು ಮರುಳುಮಾಡಲು ಹೆಣ್ಣನ್ನು ಕಳಿಸುವ, ಅವಳಿಗೆ ಇಷ್ಟವಿದೆಯೋ ಇಲ್ಲವೋ ಎಂದು ಯಾರೂ ಕೇಳದ ಪ್ರಸಂಗ. ರಿಚಿಯ ಸಿನಿಮಾದಲ್ಲೂ ಇದರ ಎಳೆ ಉದ್ದಕ್ಕೆ ಓಡುತ್ತದೆ. ಬಟ್ಟೆ ಕಳಚದೆಯೂ ಆ ದೃಶ್ಯಗಳಲ್ಲಿ ಬೆದರಿಕೆ ದಟ್ಟವಾಗಿದೆ.

ಯಾವ ವಯಸ್ಸಿಗೆ ಯಾವುದು ತಟ್ಟುತ್ತದೆ

ಏಳರೊಳಗಿನ ಮಕ್ಕಳು ಕಂಡದ್ದಕ್ಕೆ ಹೆದರುತ್ತಾರೆ: ಸುಟ್ಟ ಮುಖ, ದಿಢೀರ್ ಸದ್ದು, ಕತ್ತಲು, ತಾಯಿಯಿಂದ ಬೇರೆಯಾಗುವ ಮಗು. ‘ಇದು ನಿಜ ಅಲ್ಲ, ಕೆಚಪ್ ಅದು’ ಎಂದು ಹೇಳಿದರೆ ಅವರ ಭಯ ಇಳಿಯುವುದಿಲ್ಲ. ಮಡಿಲಿಗೆ ಎಳೆದುಕೊಂಡು ಸಿನಿಮಾ ನಿಲ್ಲಿಸಿದರೆ ಇಳಿಯುತ್ತದೆ. ಈ ವಯಸ್ಸಿಗೆ ಯುದ್ಧಕಾಲದ ಗೂಢಚಾರ ಸಿನಿಮಾ ಯಾವ ದರ್ಜೆಯದಾದರೂ ಬೇಡ. ಮೂರರ ಮಗು ಪಕ್ಕದಲ್ಲಿ ಆಡಿಕೊಂಡಿರುತ್ತದೆ, ಅದಕ್ಕೇನು ಗೊತ್ತಾಗುತ್ತೆ ಎಂಬ ಮಾತೂ ಸರಿಯಲ್ಲ. ಕಥೆ ಗೊತ್ತಾಗದು, ಕಿರುಚಾಟ ಗೊತ್ತಾಗುತ್ತದೆ.

ಎಂಟರಿಂದ ಹನ್ನೆರಡರವರೆಗೆ ಭಯದ ಜಾಗ ಬದಲಾಗುತ್ತದೆ. ರಾಕ್ಷಸನಿಗೆ ಹೆದರದ ಮಗು ‘ಇದು ನಮಗೂ ಆಗಬಹುದಾ?’ ಎಂಬುದಕ್ಕೆ ಹೆದರುತ್ತದೆ. ರಾತ್ರಿ ಬಾಗಿಲು ಬಡಿದು ಅಪ್ಪನನ್ನು ಎಳೆದೊಯ್ಯುವ ದೃಶ್ಯ ಈ ವಯಸ್ಸಿಗೆ ಬಾಂಬಿಗಿಂತ ದೊಡ್ಡದು. ನಿಜ ಘಟನೆ ಎಂಬ ಒಕ್ಕಣೆ ಇಲ್ಲಿ ಭಯವನ್ನು ಹೆಚ್ಚಿಸುತ್ತದೆ, ಏಕೆಂದರೆ ‘ಇದೆಲ್ಲ ಸುಳ್ಳು ಕಣೋ’ ಎಂಬ ನಮ್ಮ ಹಳೆಯ ಮದ್ದನ್ನು ಅದು ಕಿತ್ತುಕೊಂಡುಬಿಡುತ್ತದೆ. ಕೆಲಸ ಮಾಡುವುದು ವಿವರ: ಇದು ಯಾವ ದೇಶದಲ್ಲಿ, ಎಷ್ಟು ವರ್ಷದ ಹಿಂದೆ, ಹೇಗೆ ಮುಗಿಯಿತು.

ಹದಿಮೂರು ದಾಟಿದವರು ಹೆದರುವುದು ಕಡಿಮೆ. ಅವರ ವಿಷಯದಲ್ಲಿ ನೋಡಬೇಕಾದ್ದು ಹಿಂಸೆಯ ಜೊತೆ ಅಂಟಿಕೊಂಡಿರುವ ನಗು. ಶತ್ರು ಎಂದಾಕ್ಷಣ ಕೊಲ್ಲುವುದು ತಮಾಷೆ, ಹಿಂಸಿಸಿದರೆ ಸತ್ಯ ಹೊರಬೀಳುತ್ತದೆ, ನಮ್ಮವರು ಮಾಡಿದರೆ ಅದು ಜಾಣತನ: ಇಂಥ ಲೆಕ್ಕಗಳು ಸದ್ದಿಲ್ಲದೆ ಒಳಗಿಳಿಯುತ್ತವೆ. ರಿಚಿಯ ಸಿನಿಮಾದ ತೊಡಕು ಇದೇ. ಅದು ಭಯಾನಕವಲ್ಲ, ಮಜವಾಗಿದೆ. 16 ದಾಟಿದ, ಸಿನಿಮಾದ ಆಟವನ್ನು ಆಟವೆಂದು ಗುರುತಿಸಬಲ್ಲ ಹುಡುಗ ಹುಡುಗಿಯರ ಜೊತೆ ಕೂತು ನೋಡಬಹುದು. ಹನ್ನೊಂದರ ಮಗನಿಗೆ ಬೇಡ. ಅವನು ಹೆದರಿಬಿಡುತ್ತಾನೆಂದಲ್ಲ, ಹೆದರುವುದೇ ಇಲ್ಲ ಎಂದು.

ಇದೇ ಎಸ್‌ಒಇ ಕುರಿತ ಇನ್ನೊಂದು ಸಿನಿಮಾವನ್ನು ಪಕ್ಕದಲ್ಲಿಟ್ಟರೆ ಅಂತರ ಸ್ಪಷ್ಟವಾಗುತ್ತದೆ. 2019ರ ‘ಎ ಕಾಲ್ ಟು ಸ್ಪೈ’ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಹೋದ ಮಹಿಳಾ ಏಜೆಂಟರ ಕಥೆ. ಒಬ್ಬರು ಅಮೆರಿಕದ ವರ್ಜಿನಿಯಾ ಹಾಲ್, ಕೃತಕ ಕಾಲು ಹಾಕಿಕೊಂಡೇ ಪಿರನೀಸ್ ಪರ್ವತ ದಾಟಿದವರು. ಇನ್ನೊಬ್ಬರು ನೂರ್ ಇನಾಯತ್ ಖಾನ್, ಟಿಪ್ಪು ಸುಲ್ತಾನನ ವಂಶದವರು; ಈ ಪಾತ್ರ ಮಾಡಿದ್ದು ರಾಧಿಕಾ ಆಪ್ಟೆ. ಇದಕ್ಕೆ ಅಮೆರಿಕದಲ್ಲಿ ಪಿಜಿ-13. ಹೆಣಗಳ ಸಂಖ್ಯೆಯಲ್ಲಿ ರಿಚಿಯ ಸಿನಿಮಾದ ಒಂದು ದೃಶ್ಯಕ್ಕೂ ಇದು ಸಮವಲ್ಲ. ಆದರೆ ಇಲ್ಲಿ ಸಾಯುವವರಿಗೆ ಹೆಸರಿದೆ, ಅವರ ಕೈ ನಡುಗುವುದನ್ನು ನೋಡಿರುತ್ತೇವೆ. ಹೀಗಾಗಿ ಕೆಳಗಿನ ದರ್ಜೆಯ ಈ ಸಿನಿಮಾ ಹತ್ತರ ಮಗುವಿನ ಮೇಲೆ ಮೇಲಿನ ದರ್ಜೆಯದಕ್ಕಿಂತ ಗಟ್ಟಿಯಾಗಿ ಕೂರಬಹುದು. 13-14ರವರಿಗೆ ನಮ್ಮ ಆಯ್ಕೆ ಇದೇ, ಮಾರನೆಯ ದಿನ ರಜೆ ಇರುವಾಗ, ಮಾತಾಡಲು ಸಮಯ ಇಟ್ಟುಕೊಂಡು.

ಇಪ್ಪತ್ತೈದು ನಿಮಿಷದ ಪರೀಕ್ಷೆ

ಎರಡು ಗಂಟೆಯ ಸಿನಿಮಾವನ್ನು ಮೊದಲೇ ಪೂರ್ತಿ ನೋಡಲು ಎಲ್ಲರಿಗೂ ಬಿಡುವಿರುವುದಿಲ್ಲ. ಆದರೆ ಈ ಬಗೆಯ ಸಿನಿಮಾಗಳ ಕಟ್ಟಡ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಎಲ್ಲಿ ಕೈ ಹಾಕಬೇಕೆಂದು ಹೇಳಬಹುದು. ಮೊದಲ ಹತ್ತು ನಿಮಿಷ ಓಡಿಸದೆ ನೋಡಿ. ನಿರ್ದೇಶಕ ತನ್ನ ಹಿಂಸೆಯ ಭಾಷೆಯನ್ನು ಅಲ್ಲೇ ಹೇಳಿಬಿಟ್ಟಿರುತ್ತಾನೆ. ರಿಚಿ ಸಮುದ್ರದ ಮೇಲಿನ ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತಾನೆ: ಮೀನುಗಾರರ ವೇಷದವರು, ದೋಣಿ ಹತ್ತುವ ಜರ್ಮನ್ ಸೈನಿಕರು, ನಗು, ಆಮೇಲೆ ಹತ್ಯಾಕಾಂಡ. ಅದು ನಿಮಗೆ ಒಗ್ಗದಿದ್ದರೆ ಮುಂದಿನದೂ ಒಗ್ಗದು.

ಆಮೇಲೆ ಪಟ್ಟಿಯ ಮೇಲೆ ಬೆರಳು ಎಳೆದು ಮುಕ್ಕಾಲು ಭಾಗದ ಹತ್ತಿರ ಹೋಗಿ. 120 ನಿಮಿಷದ ಸಿನಿಮಾದಲ್ಲಿ ಸುಮಾರು 75ರಿಂದ 90ನೆಯ ನಿಮಿಷ. ಯಾರಾದರೂ ಸಿಕ್ಕಿಬಿದ್ದು ವಿಚಾರಣೆ ನಡೆಯುವುದು ಬಹುಪಾಲು ಇಲ್ಲಿ. ಎಳೆಯುವಾಗ ಮೂಡುವ ಸಣ್ಣ ಚಿತ್ರಗಳಲ್ಲಿ ಕತ್ತಲ ಕೋಣೆ, ಒಂದೇ ದೀಪ, ಕೂತ ಮನುಷ್ಯ ಕಂಡರೆ ಅಲ್ಲಿ ನಿಲ್ಲಿಸಿ, ದನಿ ಇಟ್ಟುಕೊಂಡೇ ನೋಡಿ. ದನಿ ಇಲ್ಲದೆ ನೋಡಿದರೆ ಈ ದೃಶ್ಯದ ಅರ್ಧ ಭಾರವೂ ತಿಳಿಯದು. ಕೊನೆಗೆ ಮುಕ್ತಾಯದ ಐದಾರು ನಿಮಿಷ. ಯಾರು ಉಳಿದರು, ಉಳಿದವರ ಮುಖದಲ್ಲಿ ಏನಿದೆ, ಸತ್ತವರ ನೆನಪು ಯಾರಿಗಾದರೂ ಇದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕಥೆಯ ಗುಟ್ಟು ನಿಮಗೆ ಮೊದಲೇ ತಿಳಿದುಹೋಗುವುದು ಈ ವಿಧಾನದ ನಷ್ಟ. ಮನೆಯಲ್ಲಿ ಒಬ್ಬರು ಈ ನಷ್ಟ ಹೊರಬೇಕು, ಸರದಿಯ ಮೇಲೆ ಹೊರಬಹುದು.

ನೋಡಲು ಸಾಧ್ಯವೇ ಇಲ್ಲದಿದ್ದರೆ ಓದಬಹುದು. ಸಿನಿಮಾಗಳಿಗೆ ದರ್ಜೆ ಕೊಡುವ ಬ್ರಿಟಿಷ್ ಮಂಡಳಿ ತನ್ನ ಜಾಲತಾಣದಲ್ಲಿ ಪ್ರತಿ ಸಿನಿಮಾಕ್ಕೂ ಯಾವ ಬಗೆಯ ಹಿಂಸೆ, ಎಷ್ಟು ವಿವರವಾಗಿ ಎಂದು ಕೆಲವು ಸಾಲು ಬರೆಯುತ್ತದೆ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯ ಪೇರೆಂಟ್ಸ್ ಗೈಡ್ ಪುಟವನ್ನು ನೋಡುಗರೇ ತುಂಬುತ್ತಾರೆ, ಹಿಂಸೆ, ಬೈಗುಳ, ಭಯ ಎಂದು ಬೇರೆ ಬೇರೆ ವಿಭಾಗ ಇರುತ್ತದೆ. ಅಲ್ಲಿ ‘ಸಾಧಾರಣ’, ‘ತೀವ್ರ’ ಎಂಬ ಮತಗಳನ್ನು ಬಿಟ್ಟು ದೃಶ್ಯಗಳ ವಿವರಣೆ ಓದಿ. ಮತ ಹಾಕಿದವರ ಮನೆ ಬೇರೆ, ನಿಮ್ಮ ಮನೆ ಬೇರೆ, ಆದರೆ ‘ಒಬ್ಬನನ್ನು ಕಟ್ಟಿಹಾಕಿ ವಿದ್ಯುತ್ ಶಾಕ್ ಕೊಡುತ್ತಾರೆ’ ಎಂಬ ಸಾಲು ಎಲ್ಲರಿಗೂ ಒಂದೇ.

ಡಬ್ಬಿಂಗ್ ಪ್ರತಿಯ ಬಗ್ಗೆ ಒಂದು ಮಾತು. ಕನ್ನಡಕ್ಕೋ ಹಿಂದಿಗೋ ಡಬ್ ಆದಾಗ ಬೈಗುಳ ಸಾಮಾನ್ಯವಾಗಿ ಮೆತ್ತಗಾಗಿರುತ್ತದೆ, ಆದರೆ ಅಡಿಬರಹ ಇಂಗ್ಲಿಷಿನದೇ ಇದ್ದರೆ ಅದು ಹಾಗೇ ಉಳಿದಿರಬಹುದು. ಕಿವಿಗೆ ‘ಥೂ ದರಿದ್ರದವನೇ’, ಕಣ್ಣಿಗೆ ಮೂಲದ ಮಾತು. ಮೂರನೆಯ ಕ್ಲಾಸು ದಾಟಿದ ಮಗು ಎರಡನೆಯದನ್ನೇ ಮೊದಲು ಓದುತ್ತದೆ.

ಲಾಕ್ ಹಾಕುವವರು ಸಾಮಾನ್ಯವಾಗಿ ಎಡವುವುದು ಎಲ್ಲಿ ಅಂದರೆ, ಮಕ್ಕಳ ಪ್ರೊಫೈಲಿಗೆ ವಯೋಮಿತಿ ಹಾಕಿ, ತಮ್ಮ ಪ್ರೊಫೈಲಿಗೆ ಪಿನ್ ಹಾಕುವುದನ್ನು ಮರೆಯುತ್ತಾರೆ. ಮಗು ಪಕ್ಕದ ಚಿತ್ರ ಒತ್ತಿದರೆ ಮುಗಿಯಿತು. ಪಿನ್ ಹಾಕಿದವರು ಅದಕ್ಕೆ ಮಗುವಿನ ಹುಟ್ಟಿದ ವರ್ಷವನ್ನೇ ಇಡುತ್ತಾರೆ, ಅದು ಮಗುವಿಗೂ ಗೊತ್ತು. ಸಿನಿಮಾ ಮುಗಿದ ಮೇಲೆ ತಾನಾಗಿ ಮುಂದಿನದು ಶುರುವಾಗುವ ಆಟೋಪ್ಲೇ ಕೂಡ ಬಂದ್ ಮಾಡಿ. ಸಾಧಾರಣ ಗೂಢಚಾರ ಸಿನಿಮಾದ ಬೆನ್ನಿಗೆ ಬರುವ ಶಿಫಾರಸು ಅದಕ್ಕಿಂತ ಖಾರವಾಗಿರಬಹುದು.

ನೋಡುವ ರಾತ್ರಿ

ಥಿಯೇಟರಿಗಿಂತ ಮನೆ ಹಗುರ. ದೀಪ ಉರಿಸಿಟ್ಟು ನೋಡಬಹುದು, ನಿಲ್ಲಿಸಬಹುದು. ದನಿ ತಗ್ಗಿಸುವುದು ದೃಶ್ಯ ಓಡಿಸುವುದಕ್ಕಿಂತ ಒಳ್ಳೆಯ ಉಪಾಯ, ಏಕೆಂದರೆ ಓಡಿಸಿದಾಗ ‘ಅಲ್ಲಿ ಏನೋ ಇತ್ತು’ ಎಂಬ ಕುತೂಹಲ ಹುಟ್ಟಿ, ಮಕ್ಕಳು ಮಾರನೆಯ ದಿನ ಫೋನಿನಲ್ಲಿ ಅದನ್ನೇ ಹುಡುಕುತ್ತಾರೆ. ಅರ್ಧಕ್ಕೇ ನಿಲ್ಲಿಸಬೇಕಾಗಿ ಬಂದರೆ ಕೆಟ್ಟ ಜಾಗದಲ್ಲಿ ಬಿಡಬೇಡಿ. ಚಿತ್ರಹಿಂಸೆಯ ನಡುವೆ ಟಿವಿ ಆರಿಸಿದರೆ ಮಗುವಿನ ತಲೆಯಲ್ಲಿ ಆ ಮನುಷ್ಯ ರಾತ್ರಿಯಿಡೀ ಕುರ್ಚಿಯಲ್ಲೇ ಇರುತ್ತಾನೆ. ‘ಅವನು ತಪ್ಪಿಸಿಕೊಂಡ’ ಅಥವಾ ‘ಅವನು ಸತ್ತ, ಆಮೇಲೆ ಇವರು ಗೆದ್ದರು’ ಎಂದು ಕಥೆಯನ್ನು ಬಾಯಲ್ಲಾದರೂ ಮುಗಿಸಿ ಮಲಗಿಸಿ.

ಅಜ್ಜ ಅಜ್ಜಿಯೂ ಮನೆಮಂದಿಯೇ. ಅವರ ತಕರಾರು ಹಿಂಸೆಯದಲ್ಲದಿರಬಹುದು. ಮೂವತ್ತು ಸೆಕೆಂಡಿಗೆ ನಾಲ್ಕು ಹೆಸರು, ಎರಡು ಊರು, ಮೂರು ಸಂಕೇತನಾಮ ಬಂದುಹೋಗುವ ಕಥೆಯನ್ನು ಅಡಿಬರಹದಲ್ಲಿ ಹಿಡಿಯಲಾಗದೆ ‘ಇವನು ಯಾರು?’ ಎಂದು ಪದೇಪದೇ ಕೇಳುತ್ತಾರೆ, ಉಳಿದವರು ಸಿಡುಕುತ್ತಾರೆ. ಶುರುವಿಗೆ ಮೊದಲು ಎರಡು ನಿಮಿಷ ಕಥೆಯ ಹಿನ್ನೆಲೆ ಹೇಳಿಬಿಟ್ಟರೆ ಇದು ಬಹುಪಾಲು ನೀಗುತ್ತದೆ.

ಮಕ್ಕಳು ಮುಗಿದ ಕೂಡಲೇ ಕೇಳುವುದು ಒಂದೇ: ‘ಇದೆಲ್ಲ ನಿಜಾನಾ?’ ಇದಕ್ಕೆ ಉತ್ತರ ತಯಾರಿರಲಿ, ಸಿನಿಮಾ ತೋರಿಸದ ಬೆಲೆಯ ಲೆಕ್ಕವೆಲ್ಲ ಈ ಉತ್ತರದಲ್ಲಿದೆ. ಫರ್ನಾಂಡೊ ಪೊ ದಾಳಿಯನ್ನು ಮುನ್ನಡೆಸಿದ ಗಸ್ ಮಾರ್ಚ್-ಫಿಲಿಪ್ಸ್ ಸಿನಿಮಾದಲ್ಲಿ ಯಾವ ಗುಂಡಿಗೂ ಬಗ್ಗದವನು. ನಿಜದಲ್ಲಿ ಎಂಟು ತಿಂಗಳ ನಂತರ, 1942ರ ಸೆಪ್ಟೆಂಬರಿನಲ್ಲಿ, ನಾರ್ಮಂಡಿ ತೀರದ ದಾಳಿಯಲ್ಲಿ ಸತ್ತರು, ಆಗ 34 ವರ್ಷ. ಜೊತೆಗಾರ ಜೆಫ್ರಿ ಆ್ಯಪಲ್‌ಯಾರ್ಡ್ ಇದ್ದ ವಿಮಾನ 1943ರ ಜುಲೈಯಲ್ಲಿ ಹೋದದ್ದು ಮರಳಲಿಲ್ಲ. ಅದೇ ತಂಡದಲ್ಲಿದ್ದ ಡೆನ್ಮಾರ್ಕಿನ ಆ್ಯಂಡರ್ಸ್ ಲಾಸನ್ 1945ರ ಏಪ್ರಿಲ್ 9ರಂದು ಇಟಲಿಯ ಕೊಮಾಕಿಯೊ ಸರೋವರದ ಬಳಿ ಸತ್ತರು, ವಯಸ್ಸು 24, ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು. ಯೂರೋಪಿನಲ್ಲಿ ಯುದ್ಧ ಮುಗಿಯಲು ಆಗ ಒಂದು ತಿಂಗಳೂ ಉಳಿದಿರಲಿಲ್ಲ.

ನೂರ್ ಬಗ್ಗೆ ಕೇಳಿದರೆ, 1943ರ ಜೂನಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ಫ್ರಾನ್ಸಿಗೆ ಇಳಿದದ್ದು, ಅಕ್ಟೋಬರಿನಲ್ಲಿ ಸಿಕ್ಕಿಬಿದ್ದದ್ದು, ತಪ್ಪಿಸಿಕೊಳ್ಳಲು ಹೋಗಿ ಮತ್ತೆ ಸಿಕ್ಕದ್ದು, ಸರಪಳಿಯಲ್ಲಿ ತಿಂಗಳುಗಟ್ಟಲೆ ಕಳೆದದ್ದು, 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಖೌ ಸೆರೆ ಶಿಬಿರದಲ್ಲಿ ಕೊಂದದ್ದು, ಇದನ್ನೆಲ್ಲ ಹದಿನಾಲ್ಕರ ಮಗುವಿಗೆ ಹೇಳಬಹುದು. ಒಂಬತ್ತರ ತಂಗಿಯೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರೆ ಅವಳಿಗೆ ಹೇಳಲು ಇನ್ನೊಂದು ಸಂಗತಿಯಿದೆ. ಯುದ್ಧಕ್ಕೆ ಮುಂಚೆ ಈ ನೂರ್ ಮಕ್ಕಳ ಕಥೆ ಬರೆಯುತ್ತಿದ್ದರು. 1939ರಲ್ಲಿ ಬಂದ ಅವರ ಪುಸ್ತಕದಲ್ಲಿ ಇಪ್ಪತ್ತು ಜಾತಕ ಕಥೆಗಳಿದ್ದವು, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳು. ಜಾತಕದಲ್ಲಿ ಬರುವ ಕೋತಿ, ಮೊಲ, ಆನೆಗಳ ಕಥೆ ಯಾವ ಅಜ್ಜಿಗೂ ಬರುತ್ತದೆ, ಒಂದನ್ನು ಅಂದೇ ರಾತ್ರಿ ಹೇಳಬಹುದು.